ಸವೆದ ಜಾಗ ಹುಡುಕಿ: ಅಟ್ಟದಿಂದಿಳಿದ ಹಳೆಯ ವಸ್ತುಗಳನ್ನು ಗುರುತಿಸುವ ಬಗೆ

ಮೊಳದುದ್ದದ ಮೂರು ಬಿದಿರಿನ ಕೊಳವೆಗಳು. ಮೂರೂ ಹೆಚ್ಚುಕಡಿಮೆ ಒಂದೇ ದಪ್ಪ, ಮೂರೂ ಹೊಗೆ ಹಿಡಿದು ಕಂದುಗಟ್ಟಿದವು. ಹಳೆಯ ಮನೆ ಬಿಚ್ಚುವಾಗ ಅಟ್ಟದ ಮೂಲೆಯಲ್ಲಿ ಇಂಥವು ಸಿಕ್ಕರೆ ಒಟ್ಟಿಗೆ ಕಟ್ಟಿ ನೀರೊಲೆಗೆ ಹಾಕುವವರೇ ಹೆಚ್ಚು. ಹಾಕುವ ಮುಂಚೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ. ಮೊದಲನೆಯದರ ಎರಡೂ ತುದಿ ತೆರೆದಿದೆ, ಒಳಗಿನ ಗೆಣ್ಣುಗಳನ್ನು ಕೊರೆದು ತೆಗೆದಿದ್ದಾರೆ. ಒಂದು ತುದಿ ಸುಟ್ಟು ಕಪ್ಪಾಗಿದೆ, ಇನ್ನೊಂದು ತುಟಿ ತಾಗಿ ತಾಗಿ ನುಣ್ಣಗಾಗಿದೆ. ಅದು ಊದುಗೊಳವೆ. ಎರಡನೆಯದರ ಒಂದು ತುದಿಯಲ್ಲಿ ಗೆಣ್ಣು ಹಾಗೇ ಉಳಿದು ತಳವಾಗಿದೆ. ಇನ್ನೊಂದು ತುದಿಯನ್ನು ಓರೆಯಾಗಿ ಕೊಯ್ದು, ಎಲ್ಲೂ ಚುಚ್ಚದಂತೆ ಅಂಚನ್ನು ನಯ ಮಾಡಿದ್ದಾರೆ, ಆ ಅಂಚಿನ ಮೇಲೆ ಹಲ್ಲಿನ ಗುರುತುಗಳಿವೆ. ಅದು ದನಕ್ಕೆ ಔಷಧಿ, ಎಣ್ಣೆ, ಗಂಜಿ ಕುಡಿಸುವ ಗೊಟ್ಟ. ಮೂರನೆಯದರ ಬಾಯಿ ಅಗಲ, ಕೆಳತುದಿ ಚೂಪು. ಆ ಚೂಪಿನ ಸುತ್ತ ಮಣ್ಣಿನಲ್ಲಿ ಎಳೆದ ಗೀರುಗಳು, ನಡುವೆ ಹಗ್ಗ ಉಜ್ಜಿ ಬಿದ್ದ ಕಚ್ಚು. ಕೂರಿಗೆಯ ಹಿಂದೆ ಅಕ್ಕಡಿ ಸಾಲಿಗೆ ಕಾಳು ಬಿಡುತ್ತಿದ್ದ ಸಡ್ಡೆ ಅದು.

ಈ ಮೂರರ ಹೆಸರು ಕೇಳಿಯೇ ಇಲ್ಲದ ಹುಡುಗನೂ ಒಂದು ಬೆಂಕಿಯ ಹತ್ತಿರದ್ದು, ಒಂದು ಬಾಯೊಳಗೆ ಹೋಗುವಂಥದ್ದು, ಒಂದು ಮಣ್ಣಿನಲ್ಲಿ ಓಡಾಡಿದ್ದು ಎಂದು ಹೇಳಬಲ್ಲ. ಹಳೆಯ ವಸ್ತುವನ್ನು ಗುರುತಿಸುವ ವಿದ್ಯೆಯ ಮುಕ್ಕಾಲು ಪಾಲು ಇದೇ. ನಾವು ಸಾಮಾನ್ಯವಾಗಿ ವಸ್ತುವಿನ ಆಕಾರ ನೋಡುತ್ತೇವೆ, ನೋಡಿದ ಕೂಡಲೇ ನಮಗೆ ಗೊತ್ತಿರುವ ಇನ್ನೇನನ್ನೋ ಅದು ಹೋಲುತ್ತದೆ ಎನ್ನುತ್ತೇವೆ. ಆಕಾರ ಮೋಸ ಮಾಡುತ್ತದೆ. ಸವೆತ ಮೋಸ ಮಾಡುವುದು ಬಹಳ ಅಪರೂಪ. ನಲವತ್ತು ವರ್ಷ ಒಂದೇ ಕೈ ಹಿಡಿದ ಜಾಗ, ಒಂದೇ ಕಲ್ಲಿಗೆ ಉಜ್ಜಿದ ಅಂಚು, ಒಂದೇ ಹಗ್ಗ ಎಳೆದ ತೂತು ಇವುಗಳನ್ನು ಯಾರೂ ಬೇಕೆಂದು ಮಾಡಲಾರರು.

ಈಗ ಇದನ್ನು ಬರೆಯಲು ಕಾರಣವಿದೆ. ತೊಟ್ಟಿಮನೆಗಳು, ಹೆಂಚಿನ ಮನೆಗಳು ಊರೂರಿನಲ್ಲಿ ಪಾಲಾಗಿ ನೆಲಸಮವಾಗುತ್ತಿವೆ. ಅವುಗಳ ಅಟ್ಟ, ಕೊಟ್ಟಿಗೆ, ಉಗ್ರಾಣಗಳಿಂದ ಇಳಿದದ್ದು ಹಿತ್ತಾಳೆಯದಾದರೆ ಕಿಲೋ ಲೆಕ್ಕದಲ್ಲಿ, ಮರದ್ದಾದರೆ ಸೌದೆಯ ಲೆಕ್ಕದಲ್ಲಿ ಹೋಗುತ್ತಿದೆ. ಎಲ್ಲವನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಎರಡು ಕೋಣೆಯ ಮನೆಯಲ್ಲಿ ಅದು ಆಗದ ಮಾತು. ಏನೆಂದು ತಿಳಿದ ಮೇಲೆ ಕೊಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ತೊಳೆಯುವ ಮುಂಚೆ

ಅಟ್ಟದಿಂದ ಇಳಿದ ಸಾಮಾನನ್ನು ಕಂಡ ಕೂಡಲೇ ಹುಣಸೆಹಣ್ಣು, ಸಬೀನ ಹಿಡಿದು ತಿಕ್ಕಲು ಕೂರುವುದು ನಮ್ಮ ಮನೆಗಳ ಅಭ್ಯಾಸ. ದಯವಿಟ್ಟು ತಡೆಯಿರಿ. ಆ ಕೊಳೆಯೇ ಅರ್ಧ ಉತ್ತರ. ಅಂಗೈಯಲ್ಲಿ ಹಿಡಿಸುವ ಹಿತ್ತಾಳೆ ಡಬ್ಬಿಯ ಮೂಲೆಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತದ್ದು ಸುಣ್ಣವಾದರೆ ಅದು ಎಲೆಅಡಿಕೆಯ ಸಂಚಿಗೆ ಸೇರಿದ್ದು. ಸರಪಳಿಯಲ್ಲಿ ಪುಟ್ಟ ಚಮಚ ತೂಗುತ್ತಿದ್ದರಂತೂ ಅನುಮಾನವೇ ಬೇಡ. ಸಣ್ಣ ಕಬ್ಬಿಣದ ಒರಳು, ಅದಕ್ಕೊಂದು ಪುಟ್ಟ ಹಾರೆಯಂಥ ಕಡ್ಡಿ ಸಿಕ್ಕಿದೆ, ಔಷಧಿ ಕುಟ್ಟುವುದೋ ಏಲಕ್ಕಿ ಕುಟ್ಟುವುದೋ ಎಂಬ ಗೊಂದಲ. ತಳದಲ್ಲಿ ಕೆಂಪು ಕಂದು ಬಣ್ಣದ ಕಲೆಯೂ ಸುಣ್ಣದ ಪುಡಿಯೂ ಇದ್ದರೆ ಅದು ಹಲ್ಲು ಬಿದ್ದವರು ಎಲೆಅಡಿಕೆ ಕುಟ್ಟಿಕೊಳ್ಳುತ್ತಿದ್ದ ಕುಟ್ಟಾಣಿ. ಮಲೆನಾಡಿನ ಪಾತ್ರೆ, ಸೌಟುಗಳ ಮೇಲೆ ಎಷ್ಟು ತೊಳೆದರೂ ಹೋಗದ ಕಡುಗೆಂಪು ಲೇಪವಿದ್ದರೆ ಅದು ಅಡಿಕೆ ಬೇಯಿಸಿದ ಚೊಗರು. ಅಡುಗೆಮನೆಯ ಸಾಮಾನುಗಳ ನಡುವೆ ಸಿಕ್ಕರೂ ಅದು ಅಡಿಕೆ ಅಂಗಳಕ್ಕೆ ಸೇರಿದ್ದು.

ಉತ್ತರ ಕರ್ನಾಟಕದ ಮನೆಗಳಲ್ಲಿ ಸಿಗುವ ಒಂದು ಹಲಗೆ ಅನೇಕರನ್ನು ದಾರಿ ತಪ್ಪಿಸುತ್ತದೆ. ಉದ್ದನೆಯ ಮಣೆ, ಮೈತುಂಬ ಸಣ್ಣ ಸಣ್ಣ ಗೀರು. ಇಂಗ್ಲಿಷ್ ಸಿನಿಮಾ ನೋಡಿದವರು ಇದನ್ನು ಬಟ್ಟೆ ಒಗೆಯುವ ಹಲಗೆ ಎನ್ನುತ್ತಾರೆ. ಗೀರುಗಳ ನಡುವೆ ಸೂಜಿ ಹಾಕಿ ಎಬ್ಬಿಸಿ ನೋಡಿ. ಸೋಪಿನ ಜಿಡ್ಡು ಬರುವುದಿಲ್ಲ, ಒಣಗಿದ ಹಿಟ್ಟು ಬರುತ್ತದೆ. ಗೋಧಿ ಕಣಕವನ್ನು ಅಂಗೈಯಿಂದ ಹೊಸೆದು ಎಳೆ ಎಳೆಯಾಗಿ ಇಳಿಬಿಡುತ್ತಿದ್ದ ಶಾವಿಗೆ ಮಣೆ ಅದು. ಅದರ ಜೊತೆಗೇ ಬೆರಳುದ್ದದ, ಹಲ್ಲುಹಲ್ಲಾದ ಮರದ ತುಂಡು ಸಿಕ್ಕರೆ ಎಸೆಯಬೇಡಿ, ಮದುವೆ ಮನೆಗೆ ಗವಲಿ ಮಾಡಲು ಬಳಸಿದ್ದಿರಬಹುದು.

ಸಿಕ್ಕ ಜಾಗವನ್ನೂ ಬರೆದಿಡಿ. ದೇವರ ಕೋಣೆಯೋ, ಬಚ್ಚಲೋ, ಕೊಟ್ಟಿಗೆಯ ಗೂಟವೋ, ಬಾವಿಕಟ್ಟೆಯ ಗೂಡೋ. ಆದರೆ ಜಾಗವೊಂದನ್ನೇ ನಂಬಬೇಡಿ. ದೇವರ ಮುಂದೆ ಕೂತ ಹಿತ್ತಾಳೆಯ ಸೇರು ದೇವರಿಗೆಂದೇ ಮಾಡಿಸಿದ್ದಲ್ಲ. ಹಿಂದಿನ ತಲೆಮಾರು ಅದರಲ್ಲಿ ಅಕ್ಕಿ ಅಳೆದಿದೆ, ಮನೆಗೆ ಬಂದ ಸೊಸೆ ಹೊಸಿಲ ಮೇಲೆ ಅದನ್ನೇ ಕಾಲಿನಿಂದ ತಳ್ಳಿ ಒಳಗೆ ಬಂದಿದ್ದಾಳೆ, ಅಳೆಯುವ ಕೆಲಸ ನಿಂತ ಮೇಲೆ ಅದು ದೇವರ ಹತ್ತಿರ ಹೋಗಿ ಕೂತಿದೆ. ವಸ್ತುಗಳಿಗೂ ನಿವೃತ್ತಿಯ ನಂತರದ ಬದುಕಿರುತ್ತದೆ. ಇಂದು ಹೂದಾನಿಯಾಗಿರುವ ದುಂಡು ಹೊಟ್ಟೆಯ ಬಿದರಿ ಪಾತ್ರೆಗಳಲ್ಲಿ ಹಲವು ಒಂದು ಕಾಲಕ್ಕೆ ಹುಕ್ಕದ ತಳಗಳು, ನೀರು ತುಂಬಿ ಹೊಗೆ ತಣಿಸುತ್ತಿದ್ದವು.

ನೆಲದ ಮೇಲೆ ಕೂತು ನೋಡಿ

ನಾನು ತುಂಬ ತಡವಾಗಿ ಕಲಿತ ಪಾಠವಿದು. ಹಳೆಯ ವಸ್ತುವನ್ನು ಮೇಜಿನ ಮೇಲಿಟ್ಟು ಸುತ್ತ ನಿಂತು ಯೋಚಿಸಿದರೆ ಅದು ಮಾತಾಡುವುದಿಲ್ಲ. ನಮ್ಮ ಅಡುಗೆಮನೆ ಎದ್ದು ನಿಂತು ಹೆಚ್ಚು ಕಾಲವಾಗಿಲ್ಲ. ಅದಕ್ಕೂ ಮುಂಚೆ ಹೆಚ್ಚುವುದು, ತುರಿಯುವುದು, ಕಡೆಯುವುದು, ಬೀಸುವುದು, ರುಬ್ಬುವುದು ಎಲ್ಲವೂ ನೆಲದ ಮೇಲೆ ಕೂತು, ಕಾಲನ್ನೂ ಕೆಲಸಕ್ಕೆ ಹಚ್ಚಿ ಮಾಡುವಂಥವು. ಈಳಿಗೆಮಣೆಯಲ್ಲಿ ಕತ್ತಿ ಅಲುಗುವುದಿಲ್ಲ, ತರಕಾರಿಯೇ ಕತ್ತಿಯ ಬಳಿ ಹೋಗುತ್ತದೆ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿಯುವುದರಿಂದ ಎರಡು ಕೈಯೂ ತರಕಾರಿಗೆ ಬಿಡುವು. ಮಲೆನಾಡಿನ ಮೆಟ್ಟುಗತ್ತಿಯ ಹೆಸರಿನಲ್ಲೇ ಆ ಕಾಲಿದೆ. ಕರಾವಳಿಯ ಹೆರೆಮಣೆಯ ಮೇಲೆ ಕೂತೇ ತೆಂಗಿನಕಾಯಿ ಹೆರೆಯಬೇಕು, ಕೂತವರ ಭಾರವೇ ಅದಕ್ಕೆ ಆಧಾರ. ಈ ಭಂಗಿ ಗೊತ್ತಿಲ್ಲದ ಮಕ್ಕಳಿಗೆ ಹೆರೆಮಣೆ ಮೊಂಡುಹಕ್ಕಿಯ ಗೊಂಬೆಯಂತೆ ಕಾಣುವುದು ಸಹಜ.

ಆದ್ದರಿಂದ ವಸ್ತುವನ್ನು ನೆಲದ ಮೇಲಿಡಿ, ನೀವೂ ಕೂತುಕೊಳ್ಳಿ. ಚಕ್ಕಳಮಕ್ಕಳ, ಕುಕ್ಕರುಗಾಲು, ಒಂದು ಕಾಲು ಚಾಚಿ, ಎಲ್ಲ ಬಗೆಯಲ್ಲೂ ಕೂತು ನೋಡಿ. ಎಡಗೈ, ಬಲಗೈ ಬದಲಿಸಿ ಹಿಡಿಯಿರಿ. ಹಿಡಿಕೆಯಲ್ಲಿ ಹೆಬ್ಬೆರಳಿಗೆ ಒಂದು ತಗ್ಗು ಇದ್ದೇ ಇರುತ್ತದೆ. ನಿಮ್ಮ ಹೆಬ್ಬೆರಳು ಅಲ್ಲಿಗೆ ಹೋಗಿ ಕೂತ ಕ್ಷಣ ವಸ್ತುವಿನ ಮೂತಿ ಯಾವ ಕಡೆಗೆ ತಿರುಗಬೇಕೋ ಆ ಕಡೆಗೆ ತಾನೇ ತಿರುಗುತ್ತದೆ. ಸವೆತ ಒಂದೇ ಪಕ್ಕದಲ್ಲಿದ್ದರೆ ಅದು ಒಂದೇ ದಿಕ್ಕಿನ ಕೆಲಸದ್ದು, ತುರಿಯುವುದು, ಕೆರೆಯುವುದು, ಎಳೆಯುವುದು. ಸುತ್ತಲೂ ಸಮನಾಗಿದ್ದರೆ ತಿರುಗುವ ಕೆಲಸ. ಕಡಗೋಲಿನ ಕೋಲಿನ ಮೇಲೆ ಹಗ್ಗ ಸುತ್ತಿದ ಜಾಗದಲ್ಲಿ ಬಳೆಬಳೆಯಾಗಿ ಬೀಳುವ ಸವೆತವನ್ನು ಒಮ್ಮೆ ಕಂಡವರು ಮರೆಯಲಾರರು. ತುದಿಯಲ್ಲಷ್ಟೇ ಚಪ್ಪಟೆಯಾಗಿ, ನಾರುನಾರಾಗಿ ಬಿರಿದಿದ್ದರೆ ಬಡಿಯುವ, ಕುಟ್ಟುವ ಕೆಲಸ. ಒನಕೆಯ ತುದಿ ಹೀಗೆ ಬಿರಿಯಬಾರದೆಂದೇ ಅದಕ್ಕೆ ಕಬ್ಬಿಣದ ಅಣಸು ತೊಡಿಸುವುದು.

ಮೈಯ ಅಳತೆ ಮನೆಯ ಹೊರಗೂ ಕೆಲಸಕ್ಕೆ ಬರುತ್ತದೆ. ಹಳೆಯ ಕಾಲುದಾರಿಗಳ ಪಕ್ಕ ಎರಡು ಕಂಬದ ಮೇಲೆ ಅಡ್ಡ ಚಪ್ಪಡಿ ಇಟ್ಟ ಕಲ್ಲುಗಳಿರುತ್ತವೆ. ಗುಡಿಯ ಬಾಗಿಲು ಉಳಿದಿದೆ, ಗುಡಿ ಬಿದ್ದುಹೋಗಿದೆ ಎಂದು ಕೆಲವರು ಕಥೆ ಕಟ್ಟುತ್ತಾರೆ. ಪಕ್ಕದಲ್ಲಿ ನಿಂತು ನೋಡಿದರೆ ಚಪ್ಪಡಿ ನಿಮ್ಮ ಭುಜದ ಆಸುಪಾಸಿಗೆ ಬರುತ್ತದೆ. ತಲೆಹೊರೆ ಹೊತ್ತು ಬಂದವರು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಲು ನಿಲ್ಲಿಸಿದ ಹೊರೆಗಲ್ಲು ಅದು. ಎತ್ತರವೇ ಅದರ ಅರ್ಥ.

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ನೆಂಟರ ಮನೆಯೊಂದರಲ್ಲಿ ಸಿಕ್ಕ ಬೆಳ್ಳಿಯ ಪುಟ್ಟ ಬಟ್ಟಲಿಗೆ ನಾನು ‘ಸಣ್ಣ ದೀಪ’ ಎಂದು ಚೀಟಿ ಅಂಟಿಸಿಟ್ಟಿದ್ದೆ. ಹಣತೆಯಂತೆಯೇ ಒಂದು ಕಡೆ ಚಾಚಿದ ಮೂತಿ, ಬತ್ತಿ ಇಡಲು ಹೇಳಿ ಮಾಡಿಸಿದಂತಿತ್ತು. ಬತ್ತಿ ಉರಿದ ಮಸಿ ಎಲ್ಲಾದರೂ ಇದೆಯೇ ಎಂದು ನೋಡಲೇ ಇಲ್ಲ. ವರ್ಷವಾದ ಮೇಲೆ ಆ ಮನೆಯ ಹಿರಿಯರೊಬ್ಬರು ಅದನ್ನು ಎತ್ತಿಕೊಂಡು, ಎಡಗೈಯನ್ನು ಮಗುವಿನ ತಲೆ ಆತುಕೊಂಡಂತೆ ಮಡಚಿ, ಬಲಗೈಯಲ್ಲಿ ಬಟ್ಟಲನ್ನು ಮೆಲ್ಲಗೆ ಓರೆ ಮಾಡಿದರು. ಒಳಲೆ. ಎದೆಹಾಲು ಸಾಲದ ಕೂಸಿಗೆ ಹಾಲು ಹಾಕುವುದು. ಆ ಮನೆಯ ನಾಲ್ಕು ತಲೆಮಾರಿನ ಮಕ್ಕಳು ಅದರಲ್ಲಿ ಹಾಲು ಕುಡಿದಿದ್ದವು. ಚೀಟಿ ಕಿತ್ತು ಹಾಕಿದೆ. ಅಂದಿನಿಂದ ಯಾವುದನ್ನೇ ದೀಪ ಎನ್ನುವ ಮುಂಚೆ ಮಸಿ ಹುಡುಕುತ್ತೇನೆ. ಕುಳಿಗಳಿರುವ ಹಂಚಿಗೂ ಇದೇ ಮಾತು ಸಲ್ಲುತ್ತದೆ. ತಳ ಸುಟ್ಟಿದ್ದರೆ ಪಡ್ಡಿನ ಹಂಚು. ಮರದ್ದಾಗಿದ್ದು, ಸಾಲಿಗೆ 7ರಂತೆ 14 ಕುಳಿಗಳಿದ್ದು, ಕುಳಿಯ ಒಳಮೈ ಕವಡೆ, ಹುಣಸೆಬೀಜ ಓಡಾಡಿ ನುಣುಪಾಗಿದ್ದರೆ ಅಳಗುಳಿಮಣೆ.

ಅರ್ಧವೇ ಸಿಕ್ಕಾಗ

ಗುರುತಿಸಲಾಗದೆ ಉಳಿಯುವ ವಸ್ತುಗಳಲ್ಲಿ ಬಹುಪಾಲು ಪೂರ್ತಿ ವಸ್ತುಗಳೇ ಅಲ್ಲ, ಇನ್ನೊಂದರ ಬಿಡಿಭಾಗಗಳು. ಕೈಯಲ್ಲಿರುವುದು ಒಂಟಿಯಾಗಿ ಕೆಲಸ ಮಾಡಬಲ್ಲುದೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕೈಗೆ ಹಿಡಿಕೆಯಿಲ್ಲ, ನೆಲಕ್ಕೆ ಪೀಠವಿಲ್ಲ, ತೂಗುಹಾಕಲು ಕೊಂಡಿಯಿಲ್ಲ ಎಂದಾದರೆ ಅದರ ಜೊತೆಗಾರ ಎಲ್ಲೋ ಇದ್ದಾನೆ. ಗೇಣುದ್ದದ, ಒಂದು ತಲೆ ದಪ್ಪಗಿರುವ ಕಬ್ಬಿಣದ ಕಡ್ಡಿಯನ್ನು ಮೊಳೆ ಎಂದು ಎಸೆಯುತ್ತಾರೆ. ತುದಿ ಚೂಪಿಲ್ಲ, ಸುತ್ತಿಗೆ ಏಟಿನ ಗುರುತಿಲ್ಲ, ನಡುಭಾಗ ಒಂದು ಪಕ್ಕಕ್ಕೆ ತೇದಿದೆ. ಗಾಡಿಯ ಚಕ್ರ ಅಚ್ಚಿನಿಂದ ಜಾರದಂತೆ ತಡೆದ ಕಡಾಣಿ ಅದು. ದೋಣಿಯಾಕಾರದ, ಎರಡು ತುದಿಗೂ ಲೋಹ ತೊಡಿಸಿದ ಮರದ ತುಂಡಿನ ನಡುವೆ ಟೊಳ್ಳಿದ್ದು, ಟೊಳ್ಳಿನಲ್ಲಿ ಸಣ್ಣ ಕಡ್ಡಿಯಿದ್ದರೆ ಮಗ್ಗದ ಲಾಳಿ, ಆ ಕಡ್ಡಿಗೆ ಕಂಡಿಕೆ ಸಿಕ್ಕಿಸುತ್ತಿದ್ದರು. ಅದೇ ದೋಣಿಯಾಕಾರ ಬೆರಳಿನಷ್ಟು ಚಿಕ್ಕದಾಗಿ ಉಕ್ಕಿನಲ್ಲಿದ್ದರೆ ಹಳೆಯ ಸಿಂಗರ್ ಹೊಲಿಗೆ ಯಂತ್ರದ ಅಡಿನೂಲಿನ ಲಾಳಿ. ಈ ಎರಡೂ ಒಂದೇ ಕೆಲಸದ ದೊಡ್ಡ ಚಿಕ್ಕ ರೂಪಗಳು ಎಂದು ಹೊಳೆದಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಎರಡು ಹಿತ್ತಾಳೆ ಕೋನಗಳು ಸಿಗುತ್ತವೆ, ತುದಿಯಲ್ಲಿ ಗುಬ್ಬಿ ಅಥವಾ ಪುಟ್ಟ ಗೆಜ್ಜೆ, ಬುಡದಲ್ಲಿ ಮೊಳೆ ಹೊಡೆಯುವಷ್ಟು ತೂತು. ಜೊತೆಯಾಗಿ ಸಿಗುವುದು ಇಲ್ಲಿ ದೊಡ್ಡ ಸುಳಿವು. ಮನೆಯಲ್ಲಿ ಜೊತೆಯಾಗಿರುವುದು ಯಾವುದು? ಬಾಗಿಲ ರೆಕ್ಕೆ, ಕಾಲು, ಕಿವಿ, ಎತ್ತಿನ ಕೊಂಬು. ಉಗಾದಿಗೆ, ಜಾತ್ರೆಗೆ ಎತ್ತಿನ ಕೋಡಿನ ತುದಿಗೆ ತೊಡಿಸುವ ಕೊಂಬಣಸುಗಳು ಅವು. ನಾಲ್ಕಿದ್ದರೆ ಒಂದು ಜೋಡಿ ಎತ್ತಿನದು ಪೂರ್ತಿ ಸಿಕ್ಕಿತೆಂದು ತಿಳಿಯಿರಿ.

ಅಗಲ ಕಡಿಮೆಯಾಗುತ್ತ ಹೋಗುವ ತೂತುಗಳ ಸಾಲಿರುವ ಉಕ್ಕಿನ ಪಟ್ಟಿ ಅಕ್ಕಸಾಲಿಗರ ಕಂಬಚ್ಚು; ಚಿನ್ನ ಬೆಳ್ಳಿಯ ಕಡ್ಡಿಯನ್ನು ದೊಡ್ಡ ತೂತಿನಿಂದ ಶುರುಮಾಡಿ ಒಂದೊಂದಾಗಿ ಸಣ್ಣ ತೂತಿನಲ್ಲಿ ಎಳೆದು ಕೂದಲೆಳೆಯ ತಂತಿ ಮಾಡುತ್ತಿದ್ದರು. ಹೊಲದ ಬದುವಿನಲ್ಲಿ ಬಿದ್ದಿರುವ ಉರುಳುಗಲ್ಲಿನ ಎರಡೂ ಮುಖದಲ್ಲಿ ತೂತಿದ್ದರೆ ರೋಣಗಲ್ಲು. ಅದರ ಒಂದು ತುದಿ ಇನ್ನೊಂದಕ್ಕಿಂತ ಸಣ್ಣಗಿದ್ದರೆ ಕಲ್ಲುಕುಟಿಗನ ತಪ್ಪೆಂದು ಎಣಿಸಬೇಡಿ. ಕಣದ ನಡುವಿನ ಮೇಟಿಯ ಸುತ್ತ ಎತ್ತುಗಳು ಸುತ್ತು ಹಾಕುವಾಗ ಒಳಗಿನ ತುದಿ ಕಡಿಮೆ ದೂರ ಉರುಳಬೇಕು, ಹೊರಗಿನದು ಹೆಚ್ಚು.

ಎಲ್ಲವೂ ನೂರು ವರ್ಷ ಹಳತಾಗಿರಬೇಕಿಲ್ಲ. ಹಿಡಿಕೆಯಂತೆ ಮಡಚಿದ ತಗಡಿನ ಪಟ್ಟಿ, ಅದರ ತುದಿಯಲ್ಲಿ ಕೂದಲಿನಷ್ಟು ಸಣ್ಣ ತಂತಿ. ಐವತ್ತು ದಾಟಿದವರು ನೋಡಿದ ಕೂಡಲೇ ಸೀಮೆಎಣ್ಣೆ ವಾಸನೆ ಬಂದಂತಾಯಿತು ಎನ್ನುತ್ತಾರೆ, ಇಪ್ಪತ್ತರ ಹುಡುಗಿಗೆ ಏನೂ ತೋಚುವುದಿಲ್ಲ. ಪಂಪ್ ಸ್ಟವ್ವಿನ ಬಾಯಿ ಕಟ್ಟಿದಾಗ ಬಿಡಿಸುವ ಪಿನ್ನು.

ಅಳತೆಯ ಪಾತ್ರೆಗಳಿಗೆ ತಕ್ಕಡಿ ಹಿಡಿಯಿರಿ

ಇದೊಂದು ವಿಷಯದಲ್ಲಿ ಊಹೆಯ ಅಗತ್ಯವೇ ಇಲ್ಲ. ದುಂಡನೆಯ, ಮೂತಿಯಿಲ್ಲದ, ಪಟ್ಟಿ ಹಾಕಿ ಬಲಪಡಿಸಿದ ಪಾತ್ರೆಗಳು ಚಿಕ್ಕದು ದೊಡ್ಡದಾಗಿ ಸಿಕ್ಕರೆ ಲೋಟಗಳೆಂದು ಕುಡಿಯಲು ಇಡುವ ಮುಂಚೆ ಬಾಯಿಯ ಅಂಚು ಸವರಿ ನೋಡಿ. ಲೋಟದ ಅಂಚನ್ನು ತುಟಿಗೆ ಹಿತವಾಗುವಂತೆ ಮಡಚಿರುತ್ತಾರೆ. ಅಳತೆಯ ಪಾತ್ರೆಯ ಅಂಚು ಮಟ್ಟಸ, ಏಕೆಂದರೆ ಕಾಳು ತುಂಬಿ ಅದರ ಮೇಲೆ ಕೋಲೆಳೆದು ಸಮ ಮಾಡಬೇಕು. ಆ ಕೋಲು ಓಡಾಡಿದ ಗುರುತೂ ಅಲ್ಲೇ ಇರುತ್ತದೆ. ಈಗ ಪ್ರತಿಯೊಂದಕ್ಕೂ ಅಂಚಿನವರೆಗೆ ನೀರು ತುಂಬಿ ಆ ನೀರಿನ ತೂಕವನ್ನಷ್ಟೇ ಬರೆದುಕೊಳ್ಳಿ. ಒಂದು ಇನ್ನೊಂದರ ಎರಡರಷ್ಟು, ನಾಲ್ಕರಷ್ಟು ಬರುತ್ತಿದ್ದರೆ ಅವು ಒಂದೇ ಬಳಗದವು. ಹಳೇ ಮೈಸೂರಿನ ಕಡೆ 4 ಪಾವಿಗೆ 1 ಸೇರು, 20 ಕೊಳಗಕ್ಕೆ 1 ಖಂಡುಗ. ಕೊಳಗದ ಗಾತ್ರ ಮಾತ್ರ ಊರಿಂದೂರಿಗೆ ಬೇರೆ, ಹಾಗಾಗಿ ನಿಮ್ಮ ಅಜ್ಜನ ಮನೆಯ ಕೊಳಗವನ್ನು ನೆಂಟರ ಮನೆಯದಕ್ಕೆ ಹೋಲಿಸಿ ಒಂದು ಸುಳ್ಳೆನ್ನಬೇಡಿ.

ತೂಕದ ಗುಂಡುಗಳಿಗೆ ರೂಪಾಯಿಯೇ ಕೀಲಿಕೈ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ತೂಕಗಳನ್ನು ಇಷ್ಟು ರೂಪಾಯಿ ತೂಕ ಎಂದೇ ಹೇಳುತ್ತಿದ್ದರು. 24 ರೂಪಾಯಿ ತೂಕದ ಕಚ್ಚಾ ಸೇರು ಸುಮಾರು 280 ಗ್ರಾಂ, 80 ತೊಲದ ಪಕ್ಕಾ ಸೇರು ಸುಮಾರು 933 ಗ್ರಾಂ. ನಿಮ್ಮ ಕೈಯಲ್ಲಿರುವ ಕಬ್ಬಿಣದ ಗುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಬಂದ ಗ್ರಾಮನ್ನು 11.66ರಿಂದ ಭಾಗಿಸಿ. ದುಂಡು ಸಂಖ್ಯೆಯ ಹತ್ತಿರ ಬಂದರೆ ಹಳೆಯ ಪದ್ಧತಿಯದು, ತುಕ್ಕು ತಿಂದಷ್ಟು ವ್ಯತ್ಯಾಸವಿರುತ್ತದೆ. ಗ್ರಾಮಿನಲ್ಲೇ ದುಂಡಾಗಿ ಬಂದರೆ ಮೆಟ್ರಿಕ್ ಪದ್ಧತಿಯದು. ದೇಶದಲ್ಲಿ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೆ ಬಂದದ್ದು 1958ರ ಅಕ್ಟೋಬರ್ 1ರಿಂದ. ಹಾಗೆಯೇ ಬೆಲೆಯನ್ನು ಆಣೆಯಲ್ಲಿ ಕೊರೆದ ಡಬ್ಬಿ, ತಗಡಿನ ಫಲಕ ಸಿಕ್ಕರೆ ಅದು 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬರುವುದಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು. ಗುಂಡು ತೀರ ಸಣ್ಣದಾಗಿ, ಜೊತೆಗೆ ಗುಲಗಂಜಿಗಳಿರುವ ಡಬ್ಬಿಯೂ ಸಿಕ್ಕರೆ ಆ ಮನೆಯಲ್ಲಿ ಯಾರೋ ಚಿನ್ನ ತೂಗಿದ್ದಾರೆ.

ಹೆಸರು ಕೇಳಬೇಡಿ, ಕೈಗೆ ಕೊಡಿ

ತಿಪಟೂರಿನ ಕಡೆಯ ನಮ್ಮ ಮನೆಯ ಅಟ್ಟದಿಂದ ಒಮ್ಮೆ ಕಬ್ಬಿಣದ ಒಂದು ಗೊಂಚಲು ಇಳಿಯಿತು. ನಡುವೆ ದಪ್ಪನೆಯ ಬಳೆ, ಅದರಿಂದ ಸುತ್ತಲೂ ಇಳಿಬಿದ್ದ ಕೊಂಡಿಗಳು, ಒಂದೊಂದು ಕೊಂಡಿಯ ಬಾಯಿಯೂ ಮೇಲಕ್ಕೆ ಬಾಗಿದೆ. ಮಾಂಸ ತೂಗುಹಾಕುವುದು ಎಂದ ಒಬ್ಬ, ಬಾಳೆಗೊನೆಗೆ ಎಂದಳು ಇನ್ನೊಬ್ಬಳು, ನನಗಂತೂ ದೀಪದ ಗೊಂಚಲಿನ ಅಸ್ಥಿಪಂಜರ ಕಂಡಿತು. ಹಗಲೆಲ್ಲ ಚರ್ಚೆ ನಡೆಯಿತು. ಸಂಜೆ ಚಿಕ್ಕಜ್ಜಿ ಬಂದರು. ಅವರಿಗೆ ಏನನ್ನೂ ಕೇಳದೆ ಅದನ್ನು ಕೈಗಿತ್ತೆ. ಅವರು ಬಳೆಗೆ ಎರಡು ಬೆರಳು ತೂರಿಸಿ ಮುಂದಕ್ಕೆ ಬಗ್ಗಿದರು, ಇನ್ನೊಂದು ಕೈ ಇಲ್ಲದ ಹಗ್ಗವನ್ನು ಹಿಡಿದು ಮೆಲ್ಲಗೆ ಸುತ್ತು ಹಾಕತೊಡಗಿತು. ಆಮೇಲೆ ಹೇಳಿದರು: “ಪಾತಾಳಗರಡಿ ಕಣೋ. ಒಳಗ್ಯಾಕೆ ತಂದ್ರಿ, ಬಾವಿಕಟ್ಟೆ ಹತ್ರ ಇರಬೇಕು ಇದು.”

ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಸಾಧನ. ಹಗ್ಗ ಕಟ್ಟಿ ಇಳಿಬಿಟ್ಟು, ತಳ ಮುಟ್ಟಿದ ಮೇಲೆ ಮೆಲ್ಲಗೆ ಸುತ್ತಿಸುತ್ತಿದ್ದರೆ ಯಾವುದೋ ಒಂದು ಕೊಂಡಿ ಬಿಂದಿಗೆಯ ಕಂಠಕ್ಕೋ ಹಗ್ಗದ ಕುಣಿಕೆಗೋ ಸಿಕ್ಕಿಕೊಳ್ಳುತ್ತದೆ. ಊರಿಗೆಲ್ಲ ಒಂದೋ ಎರಡೋ ಮನೆಯಲ್ಲಿರುತ್ತಿದ್ದ ವಸ್ತು ಅದು. ಎರವಲು ಒಯ್ದವರು ಒಂದು ಚೊಂಬನ್ನು ಅಡವಿಟ್ಟು ಹೋಗಬೇಕಿತ್ತಂತೆ, ಇಲ್ಲದಿದ್ದರೆ ಪಾತಾಳಗರಡಿ ಮನೆಗೆ ಮರಳುತ್ತಿರಲಿಲ್ಲ ಎಂದರು ಚಿಕ್ಕಜ್ಜಿ. ಈ ಮಾತು ಯಾವ ಸವೆತದಲ್ಲೂ ಬರೆದಿರುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಕೈ ಮೊದಲು ಹೊರಟದ್ದು, ಹೆಸರು ಆಮೇಲೆ ಬಂದದ್ದು. ವಯಸ್ಸಾದವರಿಗೆ ‘ಇದಕ್ಕೇನಂತಾರೆ’ ಎಂದು ಕೇಳಿದರೆ ಮರೆತುಹೋಯಿತೆಂಬ ಸಂಕೋಚದಿಂದ ಸುಮ್ಮನಾಗುತ್ತಾರೆ, ಅಥವಾ ನೀವು ಹೇಳಿದ ಹೆಸರಿಗೇ ಹೂಂಗುಟ್ಟುತ್ತಾರೆ. ನಿಮ್ಮ ಊಹೆಯನ್ನು ಮುಚ್ಚಿಟ್ಟುಕೊಳ್ಳಿ. ವಸ್ತುವನ್ನು ಮಡಿಲಿಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತಿರಿ, ಫೋನಿನಲ್ಲಿ ಚಿತ್ರೀಕರಿಸಿದರೆ ಇನ್ನೂ ಒಳ್ಳೆಯದು. ಹಿಂದೆ ಆ ಮನೆಯಲ್ಲಿ ಅಡುಗೆ ಮಾಡಿದವರು ಒಂದು ಹೇಳುತ್ತಾರೆ, ಹೊಲ ಗೆಯ್ದವರು ಇನ್ನೊಂದು ಹೇಳುತ್ತಾರೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಕಬ್ಬಿಣದ್ದಾದರೆ ಸಂತೆಗೆ ಬರುವ ಕಮ್ಮಾರರಿಗೆ ತೋರಿಸಿ. ಇದನ್ನು ಹೇಗೆ ಮಾಡಿದರು ಎಂದು ಅವರು ಹೇಳುವಾಗ ಯಾಕೆ ಮಾಡಿದರು ಎಂಬುದೂ ಹೊರಬೀಳುತ್ತದೆ.

ಹೆಸರು ಸಿಕ್ಕ ಮೇಲೂ ಕೆಲಸ ಮುಗಿಯದು. ಅಡಕತ್ತರಿ ಎಂದವರ ಪಕ್ಕದೂರಿನವರು ಅಡಕೊತ್ತು ಎನ್ನುತ್ತಾರೆ. ಪಡ್ಡಿನ ಹಂಚನ್ನು ಇನ್ನೊಂದು ಸೀಮೆ ಗುಂಡುಪಂಗಳದ ಹಂಚು ಎನ್ನುತ್ತದೆ. ಕೇಳಿದ ಹೆಸರನ್ನು ಕೇಳಿದಂತೆಯೇ, ಊರಿನ ಹೆಸರಿನೊಂದಿಗೆ ಬರೆದುಕೊಳ್ಳಿ, ತಿದ್ದಿ ಶುದ್ಧ ಮಾಡಬೇಡಿ. ಆಮೇಲೆ ನಿಘಂಟು ತೆರೆಯಿರಿ. 1894ರಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು ಈ ಕೆಲಸಕ್ಕೆ ಈಗಲೂ ಚಿನ್ನದಂಥದ್ದು, ಹೊಲ ಮನೆ ಕುಲುಮೆಗಳ ಮಾತು ಅದರಲ್ಲಿ ಧಾರಾಳ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ಜೊತೆಗಿಟ್ಟುಕೊಳ್ಳಿ.

ಹೋಲಿಸಿ ನೋಡಲು ವಸ್ತುಸಂಗ್ರಹಾಲಯಗಳಿವೆ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲೇ ಇದೆ, ಅಡುಗೆ ಬೇಸಾಯಗಳ ಸಾಮಾನನ್ನು ಮನಸಾರೆ ನೋಡಬಹುದು. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಕಿತ್ತು ತಂದು ನಿಲ್ಲಿಸಿದ ಮಣಿಪಾಲದ ಹಸ್ತಶಿಲ್ಪ, ಇವೂ ಇವೆ. ಪುಣೆಗೆ ಹೋದವರು ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದ ಅಡಕತ್ತರಿಗಳನ್ನೂ ದೀಪಗಳನ್ನೂ ನೋಡದೆ ಬರಬೇಡಿ. ಒಂದೇ ಕೆಲಸಕ್ಕೆ ಎಷ್ಟು ಆಕಾರ ಸಾಧ್ಯವೆಂದು ಕಂಡ ಮೇಲೆ ಆಕಾರ ನೋಡಿ ತೀರ್ಮಾನಿಸುವ ಚಟ ತಾನಾಗಿಯೇ ಕಡಿಮೆಯಾಗುತ್ತದೆ.

ಎಚ್ಚರಿಕೆಯ ಮಾತು ಕೆಲವು. ಹಿತ್ತಾಳೆ, ತಾಮ್ರದ ಹಳೆಯ ಪಾತ್ರೆಯಲ್ಲಿ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಮಾಡಬೇಡಿ. ಒಂದು ತುದಿ ಮುಚ್ಚಿ, ಬುಡದಲ್ಲಿ ಬತ್ತಿಗೆ ಸಣ್ಣ ತೂತಿರುವ ದಪ್ಪ ಕಬ್ಬಿಣದ ಕೊಳವೆ ಜಾತ್ರೆಯಲ್ಲಿ ಮದ್ದು ತುಂಬಿ ಸಿಡಿಸುತ್ತಿದ್ದದ್ದಿರಬಹುದು. ಒಳಗೇನಿದೆಯೆಂದು ಕಾಯಿಸಿ, ಕುಟ್ಟಿ ನೋಡಬಾರದು. ದಂತದ ಹಿಡಿಕೆಗಳನ್ನು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅಪರಾಧ. ಅದೇ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ಕಲಾವಸ್ತುಗಳಿಗೆ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳಿಗೆ ಅನ್ವಯಿಸುತ್ತದೆ. ಇಂಥವನ್ನು ವಿದೇಶದಲ್ಲಿರುವ ಮಗನ ಮನೆಯ ಅಲಂಕಾರಕ್ಕೆಂದು ಪೆಟ್ಟಿಗೆಯಲ್ಲಿ ಹಾಕಿ ಕಳಿಸುವಂತಿಲ್ಲ. ಪಾಯ ತೋಡುವಾಗ ನೆಲದಲ್ಲಿ ಹೂತ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಏನು ಮಾಡಿದರೂ ಗುರುತು ಸಿಗದಿದ್ದರೆ ‘ಪೂಜೆಗೆ ಬಳಸುತ್ತಿದ್ದ ವಸ್ತು’ ಎಂದು ಬರೆದು ಕೈತೊಳೆದುಕೊಳ್ಳುವ ಆಸೆಯಾಗುತ್ತದೆ. ಕುಂಕುಮವೋ ಎಣ್ಣೆಯೋ ಗಂಧವೋ ಕಾಣದೆ ಹಾಗೆ ಬರೆಯಬೇಡಿ. ಯುರೋಪಿನಲ್ಲಿ ರೋಮನ್ ಕಾಲದ ಕಂಚಿನ ಹನ್ನೆರಡು ಮುಖದ ಗೋಲಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಮುಖಕ್ಕೊಂದು ತೂತು, ಮೂಲೆಗೊಂದು ಗುಬ್ಬಿ. ಯಾವ ರೋಮನ್ ಬರಹದಲ್ಲೂ ಅವುಗಳ ಪ್ರಸ್ತಾಪ ಸಿಕ್ಕಿಲ್ಲ, ಏತಕ್ಕೆಂದು ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಸಂಗ್ರಹಾಲಯಗಳು ಅವನ್ನು ಹಾಗೆಂದೇ ಬರೆದು ಪ್ರದರ್ಶನಕ್ಕಿಡುತ್ತವೆ.

ನನ್ನ ಕಪಾಟಿನಲ್ಲೂ ಹಾಗೊಂದಿದೆ. ಹಲಸಿನ ಮರದ್ದು, ಗೇಣುದ್ದ, ಬಾಳೆಕಾಯಿಯಂತೆ ಬಾಗಿದ್ದು. ಒಂದು ತುದಿಗೆ ತೂತು, ತೂತಿನ ಮೇಲಂಚಿನಲ್ಲಿ ಮಾತ್ರ ಹಗ್ಗದ ಸವೆತ, ಅಂದರೆ ತೂಗುಹಾಕಿಯೇ ಬಳಸಿದ್ದು. ಒಳಬಾಗಿನಲ್ಲಿ ಕನ್ನಡಿಯಂಥ ನುಣುಪು, ಹೊರಮೈ ಒರಟು. ಮಸಿಯಿಲ್ಲ, ಎಣ್ಣೆಯಿಲ್ಲ, ಸುಣ್ಣವಿಲ್ಲ. ಆರು ಕಡೆಯಿಂದಲೂ ಪಕ್ಕದಲ್ಲಿ ರೂಪಾಯಿ ನಾಣ್ಯವಿಟ್ಟು ಫೋಟೊ ತೆಗೆದಿದ್ದೇನೆ. ಚೀಟಿಯಲ್ಲಿ ಹೀಗೆ ಬರೆದಿದೆ: ‘ಸಿಕ್ಕಿದ್ದು ಕೊಟ್ಟಿಗೆಯ ಒಳಗೋಡೆಯ ಗೂಟದಲ್ಲಿ. ಚಿಕ್ಕಜ್ಜಿಯ ಕೈಗೆ ಕೊಟ್ಟಾಗ ಎಡಗೈಯಲ್ಲಿ ಹಿಡಿದು ಒಳಬಾಗನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು, ತುಂಬ ಹೊತ್ತು ಸವರಿದರು, ನಮ್ಮಪ್ಪನ ಹತ್ರ ಇತ್ತು ಎಂದರು. ಬಳಕೆ: ತಿಳಿದಿಲ್ಲ.’ ಬಳಕೆ ಎಂಬ ಮಾತಿನ ಮುಂದೆ ಇನ್ನೆರಡು ಸಾಲಿಗಾಗುವಷ್ಟು ಜಾಗ ಬಿಟ್ಟಿದ್ದೇನೆ.